ಪೋಡಿನಲ್ಲಿ ಓದಿದ ಕಾನೂನು

ಬೇಸಿಗೆ ರಜೆ ಬಂತೆಂದರೆ ಕಾನೂನು ಕಾಲೇಜುಗಳಲ್ಲಿ ಇಂಟರ್ನ್‌ಶಿಪ್ ಹುಡುಕಾಟ ಶುರು. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿನವರು 12 ವಾರ, ಐದು ವರ್ಷದ ಕೋರ್ಸಿನವರು 20 ವಾರ ಇಂಟರ್ನ್‌ಶಿಪ್ ಮುಗಿಸಬೇಕು. ಯಾವುದೇ ವರ್ಷದಲ್ಲಿ ಸತತ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಆ ನಾಲ್ಕು ವಾರ ಎಲ್ಲಿ ಎಂಬುದೇ ನಮಗೆ ದೊಡ್ಡ ಪ್ರಶ್ನೆ. ನನ್ನ ತರಗತಿಯ ಬಹುಪಾಲು ಗೆಳೆಯರು ಬೆಂಗಳೂರಿನ ಲಾ ಫರ್ಮ್‌ಗಳಿಗೆ, ಹೈಕೋರ್ಟ್ ವಕೀಲರ ಕಚೇರಿಗಳಿಗೆ ಅರ್ಜಿ ಹಾಕಿದರು. ನಾವು ಐವರು ಅರಣ್ಯ ಹಕ್ಕು ಕಾಯ್ದೆಯ ಬೇಸಿಗೆ ಅಧ್ಯಯನ ಶಿಬಿರಕ್ಕೆಂದು ಬಿಳಿಗಿರಿರಂಗನ ಬೆಟ್ಟದ ಬಸ್ ಹತ್ತಿದೆವು.

‘ಸ್ಟೈಪೆಂಡ್ ಎಷ್ಟು ಕೊಡ್ತಾರಮ್ಮ?’ ಎಂದು ಅಪ್ಪ ಕೇಳಿದರು. ಏನೂ ಇರಲಿಲ್ಲ. ಊಟ, ವಸತಿ ಶಿಬಿರದವರದು. ಬಸ್ ಚಾರ್ಜು ನಮ್ಮದು. ಸಾಲ ಮಾಡಿ ಫೀಸು ಕಟ್ಟುವ ಮನೆಯಲ್ಲಿ ಆ ಪ್ರಶ್ನೆ ತೀರಾ ಸಹಜ. ‘ಸರ್ಟಿಫಿಕೇಟ್ ಅಂತೂ ಸಿಗುತ್ತೆ’ ಎಂದಷ್ಟೇ ಹೇಳಿ ಹೊರಟೆ.

ಚಾಮರಾಜನಗರ ಜಿಲ್ಲೆಯ ಈ ಬೆಟ್ಟಗಳು ಸೋಲಿಗರ ನೆಲೆ. ಅವರ ಹಾಡಿಗೆ ಪೋಡು ಎನ್ನುತ್ತಾರೆ. 1974ರಲ್ಲಿ ಇಲ್ಲಿ ವನ್ಯಜೀವಿಧಾಮ ಘೋಷಣೆಯಾದ ಮೇಲೆ ಕಾಡಿನೊಳಗಿದ್ದ ಅನೇಕ ಪೋಡುಗಳನ್ನು ಹೊರಗೆ ತಂದು ಕೂರಿಸಲಾಯಿತು. ಮುಂದೆ ಇದು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಆದರೆ 2011ರಲ್ಲಿ, ಹುಲಿ ಸಂರಕ್ಷಿತ ಪ್ರದೇಶದೊಳಗೇ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು. ದೇಶದ ಗಮನ ಸೆಳೆದ ಸಂಗತಿ ಅದು. ತರಗತಿಯಲ್ಲಿ ಒಂದೇ ಗಂಟೆಯಲ್ಲಿ ಮುಗಿದಿದ್ದ 2006ರ ಅರಣ್ಯ ಹಕ್ಕು ಕಾಯ್ದೆಗೆ ಇಲ್ಲಿ ನಾಲ್ಕು ವಾರವೂ ಸಾಲಲಿಲ್ಲ.

ದಿನಚರಿ ಸರಳವಾಗಿತ್ತು. ಬೆಳಿಗ್ಗೆ ಎರಡು ಗಂಟೆ ಕಾಯ್ದೆ, ನಿಯಮಗಳ ಓದು. ಆಮೇಲೆ ಹಿರಿಯ ವಕೀಲರೊಬ್ಬರ ಜೊತೆ ಪೋಡಿಗೆ. ಆನೆ ಓಡಾಟ ಶುರುವಾಗುವ ಮುನ್ನ, ಸಂಜೆ ನಾಲ್ಕಕ್ಕೆಲ್ಲ ವಾಪಸ್. ರಾತ್ರಿ ರಾಗಿ ಮುದ್ದೆ, ಸೊಪ್ಪಿನ ಸಾರು, ಆ ದಿನದ ಟಿಪ್ಪಣಿ. ನಾವು ವಿದ್ಯಾರ್ಥಿಗಳು, ವಾದ ಮಾಡುವಂತಿಲ್ಲ, ಯಾರಿಗೂ ಭರವಸೆ ಕೊಡುವಂತಿಲ್ಲ. ಕೇಳುವುದು, ಬರೆದುಕೊಳ್ಳುವುದು, ಬರೆದದ್ದನ್ನು ಅವರಿಗೇ ಓದಿ ಹೇಳುವುದು ಇಷ್ಟೇ ನಮ್ಮ ಕೆಲಸ.

ನನ್ನ ಪಾಲಿಗೆ ಬಂದದ್ದು ಒಬ್ಬ ಅಜ್ಜಿಯ ಅರ್ಜಿ. ಗಂಡ ತೀರಿಕೊಂಡು ವರ್ಷಗಳಾಗಿವೆ. ರಾಗಿ, ಅವರೆ ಬೆಳೆಯುವ ತುಂಡು ಭೂಮಿಗೆ ಹಕ್ಕುಪತ್ರ ಬೇಕು. ಕಾಯ್ದೆಯ ಪ್ರಕಾರ 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಆ ಭೂಮಿ ಅವರ ಅನುಭೋಗದಲ್ಲಿತ್ತು ಎಂದು ತೋರಿಸಬೇಕು. ಅಜ್ಜಿಯ ಡಬ್ಬಿಯಲ್ಲಿದ್ದದ್ದು ಗಂಡನ ಹಳೆಯ ಮತದಾರರ ಗುರುತಿನ ಚೀಟಿ ಮಾತ್ರ. ಬೇರೆ ಕಾಗದ ಇದೆಯೇ ಎಂದು ಕೇಳಿದೆ.

‘ಕಾಗ್ದ ಎಲ್ಲದ ಕೂಸು? ಆ ಹಲಸಿನ ಮರ ನಾನೇ ನೆಟ್ಟದ್ದು, ಅದ್ನ ಕೇಳು’ ಎಂದರು.

ಸಿವಿಲ್ ದಾವೆಗಳನ್ನೇ ಓದಿದವರಿಗೆ ಇದು ಸಾಕ್ಷ್ಯ ಅನ್ನಿಸುವುದು ಕಷ್ಟ. ಆದರೆ ಅರಣ್ಯ ಹಕ್ಕು ನಿಯಮಗಳ 13ನೇ ನಿಯಮ ತೆರೆದು ನೋಡಿ. ಸರ್ಕಾರಿ ದಾಖಲೆಗಳ ಜೊತೆಗೆ ಮನೆ, ಗುಡಿಸಲು, ಬಾವಿ, ಸಮಾಧಿ ಸ್ಥಳ, ದೇವರ ತಾಣದಂಥ ಕುರುಹುಗಳೂ ಪುರಾವೆಯೇ. ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರಹಕ್ಕೆ ಇಳಿಸಿದರೆ ಅದೂ ಪುರಾವೆ. ಒಂದಕ್ಕಿಂತ ಹೆಚ್ಚು ಬಗೆಯ ಪುರಾವೆ ಬೇಕು ಎಂದು ನಿಯಮ ಹೇಳುತ್ತದೆಯೇ ಹೊರತು ಇಂಥದ್ದೇ ಕಾಗದ ಬೇಕೆನ್ನುವುದಿಲ್ಲ.

ಮುಂದಿನ ಆರು ದಿನ ಅದೇ ಕೆಲಸ. ಹಳೆಯ ಮನೆಯ ಪಾಯದ ಕಲ್ಲುಗಳ ಅಳತೆ ಬರೆದುಕೊಂಡೆವು. ಅಜ್ಜಿಯ ಮಾವನ ಸಮಾಧಿ ಎಲ್ಲಿದೆ ಎಂದು ನಕ್ಷೆಯಲ್ಲಿ ಗುರುತಿಸಿದೆವು. ಪೋಡಿನ ಇಬ್ಬರು ಹಿರಿಯರ ಹೇಳಿಕೆ ಪಡೆದೆವು. ಅವರಿಗೆ ಇಸವಿ ನೆನಪಿರಲಿಲ್ಲ. ಬಿದಿರು ಹೂ ಬಿಟ್ಟ ವರ್ಷ, ಮೊಮ್ಮಗಳು ಹುಟ್ಟಿದ ಮಳೆಗಾಲ, ಹೀಗೆ ಲೆಕ್ಕ ಹೇಳಿದರು. ಮೊಮ್ಮಗಳ ಶಾಲಾ ದಾಖಲೆಯಲ್ಲಿದ್ದ ಹುಟ್ಟಿದ ದಿನಾಂಕದಿಂದ ಆ ಮಳೆಗಾಲದ ಇಸವಿ ಸಿಕ್ಕಿತು: 1998. ಆಗಲೇ ಆ ಜಮೀನಿನಲ್ಲಿ ರಾಗಿ ಇತ್ತು ಎಂಬುದು ಹೇಳಿಕೆಯ ತಿರುಳು.

ಅರ್ಜಿಯನ್ನು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ಲಿಖಿತ ಸ್ವೀಕೃತಿ ಪಡೆದದ್ದು ಮೂರನೇ ವಾರ. ಸಮಿತಿಯವರು ಸ್ಥಳ ಪರಿಶೀಲನೆ ಮಾಡಿದ ಮೇಲೆ ಗ್ರಾಮಸಭೆ ಸೇರಿತು. ಸಭೆಗೆ ಸದಸ್ಯರಲ್ಲಿ ಅರ್ಧದಷ್ಟು ಜನ ಬರಬೇಕು, ಬಂದವರಲ್ಲಿ ಮೂರನೇ ಒಂದರಷ್ಟು ಮಹಿಳೆಯರಿರಬೇಕು. ಕೂಲಿಗೆ ಹೋದ ಹೆಂಗಸರು ಬರುವವರೆಗೆ ಎಲ್ಲರೂ ಕಾದರು. ತಲೆ ಎಣಿಸಿ ಕೋರಂ ಆಯಿತೆಂದ ಮೇಲೆಯೇ ನಿರ್ಣಯ. ಕೋರಂ ಎಂಬ ಪದವನ್ನು ಪರೀಕ್ಷೆಗೆ ಹಲವು ಸಲ ಬರೆದಿದ್ದೇನೆ; ಅದಕ್ಕಾಗಿ ಜನ ಎರಡು ಗಂಟೆ ಕಾದದ್ದನ್ನು ನೋಡಿದ್ದು ಅದೇ ಮೊದಲು.

ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ 2019ರ ಫೆಬ್ರುವರಿ ನೆನಪಿಸುತ್ತೇನೆ. ಅರ್ಜಿ ತಿರಸ್ಕೃತವಾದವರನ್ನು ಕಾಡಿನಿಂದ ತೆರವುಗೊಳಿಸುವ ಕುರಿತು ಸುಪ್ರೀಂ ಕೋರ್ಟ್ 13ರಂದು ಆದೇಶ ನೀಡಿತು. 28ರಂದು ಅದನ್ನು ತಡೆಹಿಡಿದು, ಅರ್ಜಿಗಳನ್ನು ತಿರಸ್ಕರಿಸುವಾಗ ಅನುಸರಿಸಿದ ಕ್ರಮವೇನು ಎಂದು ರಾಜ್ಯಗಳನ್ನು ಕೇಳಿತು. ಅಂದರೆ ಅರ್ಜಿಯ ಒಂದು ಪುಟ ಕಡಿಮೆಯಾದರೆ ಮನೆಯೇ ಹೋಗಬಹುದು. ತಿರಸ್ಕೃತವಾದರೆ ಮೇಲ್ಮನವಿಗೆ 60 ದಿನ ಅವಕಾಶವಿದೆ ಎಂಬುದು ನಾವು ಮಾತಾಡಿಸಿದ ಹಲವರಿಗೆ ತಿಳಿದೇ ಇರಲಿಲ್ಲ. ಕೊನೆಯ ವಾರ ನಾವು ಮಾಡಿದ್ದು ಇದೊಂದೇ: ಈ 60 ದಿನದ ವಿಷಯವನ್ನು ದೊಡ್ಡಕ್ಷರದಲ್ಲಿ ಬರೆದು ಓದಲು ಬರುವ ಮಕ್ಕಳ ಕೈಗೆ ಕೊಟ್ಟು, ಮನೆಮನೆಯಲ್ಲಿ ಓದಿಸಿದೆವು.

ಕಾನೂನು ಓದುತ್ತಿರುವ ಗೆಳೆಯರಿಗೆ ಒಂದೆರಡು ಮಾತು. ವಕೀಲರ ಪರಿಷತ್ತಿನ ನಿಯಮದಲ್ಲಿ ಸ್ವಯಂಸೇವಾ ಸಂಸ್ಥೆಗಳು, ಸ್ಥಳೀಯ ಸಂಸ್ಥೆಗಳಲ್ಲಿನ ಇಂಟರ್ನ್‌ಶಿಪ್‌ಗೂ ಜಾಗವಿದೆ. ಅಲ್ಲಿ ಕಳೆದ ವಾರಗಳು ಲೆಕ್ಕಕ್ಕಿಲ್ಲ ಎಂಬ ಭಯ ಬೇಡ. ಹೊರಡುವ ಮೊದಲು ಕಾಲೇಜಿನ ಅನುಮತಿ ಪತ್ರ ಪಡೆಯಿರಿ, ಯಾವ ವಕೀಲರ ಮಾರ್ಗದರ್ಶನ ಇರುತ್ತದೆ ಎಂದು ಕೇಳಿಕೊಳ್ಳಿ, ದಿನಚರಿ ಪುಸ್ತಕ ತಪ್ಪದೇ ಬರೆಯಿರಿ. ಜನರ ಮೂಲ ದಾಖಲೆಗಳನ್ನು ಮಾತ್ರ ಯಾವ ಕಾರಣಕ್ಕೂ ನಿಮ್ಮ ಬಳಿ ಇಟ್ಟುಕೊಳ್ಳಬೇಡಿ. ಅಲ್ಲೇ ಫೋಟೊ ತೆಗೆದು ಹಿಂತಿರುಗಿಸಿ. ಮನೆಯಲ್ಲಿ ದುಡ್ಡಿನ ಕಷ್ಟವಿದ್ದರೆ ಖರ್ಚಿನ ಮಾತನ್ನು ಸಂಕೋಚವಿಲ್ಲದೆ ಮೊದಲೇ ಆಡಿ.

ಅಜ್ಜಿಯ ಅರ್ಜಿ ಈಗ ಉಪವಿಭಾಗ ಮಟ್ಟದ ಸಮಿತಿಯ ಮುಂದಿದೆ. ಅಲ್ಲಿಂದ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬೇಕು. ಫಲಿತಾಂಶ ಏನೆಂದು ಹೇಳಲು ಇನ್ನೂ ಕಾಲ ಬೇಕು. ಇತ್ತೀಚೆಗೆ ಕ್ಯಾಂಪಸ್ ಸಂದರ್ಶನವೊಂದರಲ್ಲಿ ‘ನೀವು ಸಿದ್ಧಪಡಿಸಿದ ಅತಿ ಕಷ್ಟದ ದಾಖಲೆ ಯಾವುದು?’ ಎಂದು ಕೇಳಿದರು. ಬಿದಿರು ಹೂ ಬಿಟ್ಟ ವರ್ಷದಿಂದ ಶುರುವಾಗುವ ಆ ಎರಡು ಪುಟದ ಹೇಳಿಕೆಯ ಬಗ್ಗೆ ಹೇಳಿದೆ. ಸಂದರ್ಶಕರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.