ಒಆರ್‌ಎಸ್ ಪುಡಿಯಲ್ಲಿ ಸಿಟ್ರೇಟ್ ಏಕೆ?

ಚೆನ್ನೈನ ಎಗ್ಮೋರ್‌ನಲ್ಲಿರುವ ಸರ್ಕಾರಿ ಮಕ್ಕಳ ಆಸ್ಪತ್ರೆಯಾಗಲಿ, ನಿಮ್ಮೂರಿನ ಆರೋಗ್ಯ ಕೇಂದ್ರವಾಗಲಿ, ಮಗುವಿಗೆ ಭೇದಿಯಾದರೆ ಕೊಡುವುದು ಒಆರ್‌ಎಸ್. ಪೊಟ್ಟಣದ ಮೇಲೆ ‘ಟ್ರೈಸೋಡಿಯಂ ಸಿಟ್ರೇಟ್’ ಎಂದು ಕಂಡರೆ ಹೆದರಬೇಡಿ.

ಪ್ರಯೋಗಾಲಯಗಳಲ್ಲಿ ದ್ರಾವಣದ ಆಮ್ಲ-ಕ್ಷಾರ ಸಮತೋಲ ಕಾಪಾಡುವ ಬಫರ್‌ಗೂ ಇದನ್ನೇ ಬಳಸುತ್ತಾರೆ. ಭೇದಿಯಲ್ಲಿ ಬೈಕಾರ್ಬನೇಟ್ ಹೊರಹೋಗಿ ರಕ್ತದಲ್ಲಿ ಆಮ್ಲ ಹೆಚ್ಚಬಹುದು. ಸಿಟ್ರೇಟ್ ದೇಹದಲ್ಲಿ ಬೈಕಾರ್ಬನೇಟ್ ಆಗಿ ಬದಲಾಗಿ ಅದನ್ನು ಸರಿದೂಗಿಸುತ್ತದೆ. ಹಿಂದೆ ಪುಡಿಯಲ್ಲಿ ಅಡುಗೆ ಸೋಡಾ ಇರುತ್ತಿತ್ತು. ಸೆಕೆ, ತೇವಕ್ಕೆ ಬೇಗ ಕೆಡುತ್ತಿತ್ತು.

ಈಗ ಲೀಟರಿಗೆ 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಈ ಲೆಕ್ಕ ತಪ್ಪದಿರಲು ಪೊಟ್ಟಣದಲ್ಲಿ ಹೇಳಿದಷ್ಟೇ ಶುದ್ಧ ನೀರಿಗೆ ಪೂರ್ತಿ ಪುಡಿ ಹಾಕಿ. ಸಕ್ಕರೆ, ಹಣ್ಣಿನ ರಸ ಬೆರೆಸಬೇಡಿ. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ. ಮಗು ಮಂಕಾದರೆ, ಕುಡಿಯಲಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.