ಕಿವಿಯಿಂದ ಮೂಡುವ ಭಯ

ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಅಂಥ ಮುಚ್ಚಳವಿಲ್ಲ. ಭಯಾನಕ ಚಲನಚಿತ್ರವನ್ನು ನೋಡುವವನು ಹೆದರಿ ಕಣ್ಣು ಮುಚ್ಚಿಕೊಂಡರೂ ಅವನ ಭಯ ಅಳಿಯುವುದಿಲ್ಲ. ಕಂಡ ವಸ್ತುವಿಗೆ ಒಂದು ಆಕಾರವಿದೆ, ಎಲ್ಲೆಯಿದೆ. ಕೇಳಿದ ಸದ್ದಿಗಾದರೋ ಮನಸ್ಸೇ ಆಕಾರವನ್ನು ಕಲ್ಪಿಸಬೇಕು. ಇರುಳಿನಲ್ಲಿ ಅಟ್ಟದ ಮೇಲೆ ಇಲಿ ಓಡಿದರೂ ಎದೆ ನಡುಗುವುದು ಇದರಿಂದಲೇ. ಮಾನವ ಸ್ವಭಾವದ ಈ ಗುಣವನ್ನು ಚಲನಚಿತ್ರ ಕಲಾವಿದರು ಚೆನ್ನಾಗಿ ಬಲ್ಲರು.

ಆಲ್ಫ್ರೆಡ್ ಹಿಚ್‌ಕಾಕ್ ಅವರು 1960ರಲ್ಲಿ ತೆರೆಗೆ ತಂದ ‘ಸೈಕೋ’ ಎಂಬ ಅಮೆರಿಕದ ಚಿತ್ರ ಇದಕ್ಕೆ ಉತ್ತಮ ನಿದರ್ಶನ. ಅದರಲ್ಲಿ ಸ್ನಾನಗೃಹದಲ್ಲಿ ಯುವತಿಯೊಬ್ಬಳು ಕೊಲೆಯಾಗುವ ದೃಶ್ಯವಿದೆ. ಅಲ್ಲಿ ಸಂಗೀತವೇ ಬೇಡವೆಂದು ಹಿಚ್‌ಕಾಕ್ ಮೊದಲು ಸೂಚಿಸಿದ್ದರು. ಚಿತ್ರ ಚೆನ್ನಾಗಿ ಬಂದಿಲ್ಲವೆಂಬ ನಿರಾಶೆಯೂ ಅವರನ್ನು ಕವಿದಿತ್ತೆಂದು ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಅನಂತರ ಹೇಳಿದ್ದಾರೆ. ಹರ್ಮನ್ ಆ ಸೂಚನೆಯನ್ನು ಮೀರಿ ಆ ದೃಶ್ಯಕ್ಕೂ ಸಂಗೀತವನ್ನು ರಚಿಸಿದರು. ಕಹಳೆ, ಕೊಳಲು, ನಗಾರಿಗಳನ್ನೆಲ್ಲ ಬಿಟ್ಟು, ಪಿಟೀಲಿನ ಜಾತಿಯ ತಂತಿವಾದ್ಯಗಳನ್ನು ಮಾತ್ರ ಆರಿಸಿಕೊಂಡರು. ಕಪ್ಪುಬಿಳುಪಿನ ಚಿತ್ರಕ್ಕೆ ಕಪ್ಪುಬಿಳುಪಿನ ನಾದವೇ ತಕ್ಕುದೆಂಬುದು ಅವರ ಭಾವನೆ. ತಾರಸ್ಥಾಯಿಯಲ್ಲಿ ಮತ್ತೆ ಮತ್ತೆ ಚೀರುವ ಪಿಟೀಲುಗಳ ಧ್ವನಿ ಪ್ರಾಣಿಯ ಆರ್ತನಾದದಂತೆ ಕೇಳಿಸುತ್ತದೆ. ಕತ್ತಿಯ ಗಾಯಗಳನ್ನು ಚಿತ್ರವು ಬಹುಮಟ್ಟಿಗೆ ತೋರಿಸುವುದೇ ಇಲ್ಲ. ಆದರೂ ಕಂಡಂತೆ ಪ್ರೇಕ್ಷಕರು ತಲ್ಲಣಿಸುತ್ತಾರೆ. ಸಂಗೀತದೊಡನೆ ಆ ದೃಶ್ಯವನ್ನು ನೋಡಿದ ಹಿಚ್‌ಕಾಕ್ ತಮ್ಮ ಅಭಿಪ್ರಾಯವನ್ನು ಬದಲಾಯಿಸಿಕೊಂಡರು.

ಚೀರುವ ಧ್ವನಿಯಂತೆ ಮೆಲ್ಲನೆಯ ಧ್ವನಿಯೂ ಭಯವನ್ನು ಹುಟ್ಟಿಸಬಲ್ಲದು. 1975ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ ‘ಜಾಸ್’ ಚಿತ್ರಕ್ಕಾಗಿ ಒಂದು ಯಂತ್ರದ ಷಾರ್ಕ್ ಮೀನನ್ನು ನಿರ್ಮಿಸಿದ್ದರು. ಅದು ಸಮುದ್ರದ ನೀರಿನಲ್ಲಿ ಪದೇ ಪದೇ ಕೆಟ್ಟುಹೋಯಿತು. ಆದುದರಿಂದ ಮೀನನ್ನು ತೋರಿಸದೆಯೇ ಅದರ ಇರವನ್ನು ಸೂಚಿಸಬೇಕಾಯಿತು. ಜಾನ್ ವಿಲಿಯಮ್ಸ್ ಮಂದ್ರಸ್ಥಾಯಿಯ ಎರಡೇ ಸ್ವರಗಳಿಂದ ಈ ಕೆಲಸವನ್ನು ಸಾಧಿಸಿದರು. ಮೊದಲು ನಿಧಾನವಾಗಿ ಕೇಳಿಬರುವ ಆ ಸ್ವರಗಳು ಕ್ರಮೇಣ ವೇಗ ಪಡೆಯುತ್ತವೆ. ಮೀನು ಸಮೀಪಿಸುತ್ತಿದೆಯೆಂದು ಪ್ರೇಕ್ಷಕನು ಅರಿಯುತ್ತಾನೆ. ಇಬ್ಬರು ಹುಡುಗರು ಹುಸಿ ರೆಕ್ಕೆಯೊಂದನ್ನು ನೀರಿನ ಮೇಲೆ ತೇಲಿಸಿ ಜನರನ್ನು ಹೆದರಿಸುವಾಗ ಈ ಸಂಗೀತವಿಲ್ಲ. ಹೀಗೆ ಸಂಗೀತವೇ ಅಪಾಯದ ಸೂಚನೆಯೆಂಬ ನಂಬಿಕೆ ಬೇರೂರುತ್ತದೆ. ಮುಂದೊಮ್ಮೆ ಆ ಸೂಚನೆಯಿಲ್ಲದೆಯೇ ಮೀನು ತಟಕ್ಕನೆ ತಲೆಯೆತ್ತಿದಾಗ ಪ್ರೇಕ್ಷಕನು ಬೆಚ್ಚಿಬೀಳುತ್ತಾನೆ.

ಇದರಿಂದ ಮೌನದ ಶಕ್ತಿಯೂ ತಿಳಿಯುತ್ತದೆ. 1963ರಲ್ಲಿ ತೆರೆಕಂಡ ಹಿಚ್‌ಕಾಕ್ ಅವರ ‘ದಿ ಬರ್ಡ್ಸ್’ ಚಿತ್ರದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಜರ್ಮನಿಯ ಆಸ್ಕರ್ ಸಾಲಾ ಅವರು ವಿದ್ಯುತ್ ವಾದ್ಯವೊಂದರಿಂದ ಹಕ್ಕಿಗಳ ಕೂಗನ್ನೂ ರೆಕ್ಕೆಗಳ ಬಡಿತವನ್ನೂ ಸೃಷ್ಟಿಸಿಕೊಟ್ಟರು. ಅಪಾಯವನ್ನು ಮೊದಲೇ ತಿಳಿಸುವ ರಾಗವಿಲ್ಲದ ಕಾರಣ, ಎರಡು ದಾಳಿಗಳ ನಡುವಿನ ನಿಶ್ಶಬ್ದವೂ ಅಲ್ಲಿ ಭಯಂಕರವಾಗುತ್ತದೆ.

ಭಯದ ಬಹುಪಾಲು ಬೆಳ್ಳಿತೆರೆಯ ಮೇಲಿರುವುದಿಲ್ಲ, ಕೇಳುವವನ ಕಲ್ಪನೆಯಲ್ಲಿರುತ್ತದೆ. ಧ್ವನಿಯು ಆ ಕಲ್ಪನೆಯನ್ನು ಕೆಣಕುತ್ತದೆ, ಅಷ್ಟೆ. ದೀಪ ಹಿಡಿದು ಅಟ್ಟವನ್ನು ಹತ್ತಿದವನಿಗೆ ಇಲಿಯು ಇಲಿಯಾಗಿಯೇ ಕಾಣುತ್ತದೆ. ಆ ದೀಪವನ್ನು ಆದಷ್ಟು ತಡವಾಗಿ ಬೆಳಗಿಸುವುದೇ ಭಯಾನಕ ಚಿತ್ರದ ಕಲೆ. ಈ ಮರ್ಮವನ್ನು ಅರಿತವನು ಚಿತ್ರಮಂದಿರದಲ್ಲಿ ಹೆದರಿಯಾನು. ಆದರೆ ಆ ಹೆದರಿಕೆಯನ್ನು ಮನೆಗೆ ಹೊತ್ತು ತರಲಾರನು.