ಎಂಜಲಿನ ಬೆನ್ನೇರಿದ ಹಂದಿಜ್ವರ

ಪೂರ್ವ ಆಫ್ರಿಕದ ಹುಲ್ಲುಬಯಲುಗಳಲ್ಲಿ ನೆಲದ ಬಿಲಗಳನ್ನೇ ಮನೆಮಾಡಿಕೊಂಡು ಬಾಳುವ ವಾರ್ಟ್‌ಹಾಗ್ ಎಂಬ ಕಾಡುಹಂದಿಗೂ, ಆ ಬಿಲಗಳ ಬಿರುಕಿನಲ್ಲಿ ಅಡಗಿದ್ದು ಅದರ ನೆತ್ತರನ್ನು ಹೀರುವ ಮೆದುಮೈಯ ಉಣ್ಣೆಗೂ ನಡುವೆ ಒಂದು ವೈರಸ್ಸು ಬಹು ಪ್ರಾಚೀನ ಕಾಲದಿಂದ ಹೋಗಿಬರುತ್ತಿದೆ. ಅದರಿಂದ ಕಾಡುಹಂದಿಗೆ ಹೇಳಿಕೊಳ್ಳುವಂಥ ಬಾಧೆಯೇನೂ ಇಲ್ಲ. ಕೀನ್ಯಾದಲ್ಲಿ ನೆಲಸಿದ ಐರೋಪ್ಯರು ತಮ್ಮ ಸಾಕುಹಂದಿಗಳನ್ನು ಅಲ್ಲಿಗೆ ತಂದು ಪೋಷಿಸತೊಡಗಿದ ಮೇಲೆ, ಅವು ಹಿಂಡುಹಿಂಡಾಗಿ ಮಡಿಯುವುದನ್ನು ಕಂಡು ಪರೀಕ್ಷಿಸಿದ ಮಾಂಟ್‌ಗೊಮರಿ ಎಂಬ ಪಶುವೈದ್ಯನು ಈ ವ್ಯಾಧಿಯನ್ನು 1921ರಲ್ಲಿ ಪ್ರಥಮತಃ ವರ್ಣಿಸಿದನು. ಇಂದು ಆಫ್ರಿಕನ್ ಹಂದಿಜ್ವರವೆಂದು ಜಗತ್ತು ಅಂಜುವುದು ಇದಕ್ಕೇ. ಮನುಷ್ಯನಿಗೆ ಇದು ಅಂಟುವುದಿಲ್ಲ. ಆದರೆ ಇದನ್ನು ದೇಶದಿಂದ ದೇಶಕ್ಕೆ ಹೊತ್ತವನು ಬಹುಮಟ್ಟಿಗೆ ಮನುಷ್ಯನೇ.

ರೋಗಿಯಾದ ಹಂದಿಯ ಜೊಲ್ಲು, ಸಿಂಬಳ, ಮಲಮೂತ್ರಗಳಲ್ಲೂ ಎಲ್ಲಕ್ಕಿಂತ ಮಿಗಿಲಾಗಿ ಅದರ ನೆತ್ತರಿನಲ್ಲೂ ವೈರಸ್ಸು ತುಂಬಿರುತ್ತದೆ. ಇಕ್ಕಟ್ಟಾದ ದೊಡ್ಡಿಯಲ್ಲಿ ಒಂದೇ ತೊಟ್ಟಿಗೆ ಮೂತಿಯಿಕ್ಕುವ, ಒಂದನ್ನೊಂದು ಕಚ್ಚಿ ಗಾಯಗೊಳಿಸುವ, ಸತ್ತ ಜೊತೆಗಾರನನ್ನೂ ಮೂಸಿ ಮೆಲ್ಲುವ ಸ್ವಭಾವದ ಪ್ರಾಣಿಗಳಲ್ಲಿ ಅದು ಹರಡುವುದು ಸೋಜಿಗವಲ್ಲ. ಸೋಜಿಗವೆಂದರೆ ಅದರ ಆರಂಭದ ನಿಧಾನಗತಿ. ಕಾಲುಬಾಯಿ ಜ್ವರದಂತೆ ಇದು ಗಾಳಿಯಲ್ಲಿ ದೂರ ಸಾಗುವುದಿಲ್ಲ. ಸೋಂಕು ತಗುಲಿದ 4ರಿಂದ 19 ದಿನಗಳವರೆಗೆ ಲಕ್ಷಣ ತೋರದಿರಲೂಬಹುದು. ಅನಂತರ ಜ್ವರವೇರಿ, ಮೇವು ಬಿಟ್ಟು, ಕಿವಿಯೂ ಹೊಟ್ಟೆಯೂ ಕೆಂಪಡರಿ ಒಂದೆರಡು ಹಂದಿಗಳು ಸತ್ತಾಗ ಸಾಕಿದವನು ಬಿಸಿಲಿನ ತಾಪವೆಂದೋ ಯಾರೋ ವಿಷವಿಕ್ಕಿದರೆಂದೋ ಬಗೆಯುತ್ತಾನೆ. ಅಷ್ಟರಲ್ಲಿ ಅವನ ಪಾದರಕ್ಷೆ, ವ್ಯಾಪಾರಿಯ ಲಾರಿ, ಬೀಜಕ್ಕೆಂದು ಎರವಲು ತಂದ ಗಂಡುಹಂದಿ, ಇವೆಲ್ಲವೂ ರೋಗವನ್ನು ನೆರೆಯ ದೊಡ್ಡಿಗೆ ಮುಟ್ಟಿಸಿರಬಹುದು.

ದೂರದ ಪ್ರಯಾಣ ಹೆಚ್ಚಾಗಿ ಎಂಜಲಿನ ಮೂಲಕವೇ. ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲಿ ತಿಂಗಳುಗಟ್ಟಲೆಯೂ ಹೆಪ್ಪುಗಟ್ಟಿಸಿದ ಮಾಂಸದಲ್ಲಿ ವರ್ಷಗಟ್ಟಲೆಯೂ ಜೀವಹಿಡಿದಿರುವ ಈ ವೈರಸ್ಸು 1957ರಲ್ಲಿ ಆಫ್ರಿಕವನ್ನು ದಾಟಿ ಲಿಸ್ಬನ್ ನಗರಕ್ಕೆ ಬಂದಿಳಿಯಿತು. ವಿಮಾನದಲ್ಲಿ ಉಳಿದ ಆಹಾರವನ್ನು ನಿಲ್ದಾಣದ ಸಮೀಪದ ಹಂದಿಗಳಿಗೆ ಸುರಿದದ್ದೇ ಕಾರಣವೆಂದು ತಜ್ಞರ ನಿರ್ಣಯ. 1960ರಲ್ಲಿ ಮರಳಿ ಬಂದ ರೋಗವು ಹಳೆಯ ದೊಡ್ಡಿಗಳ ಗೋಡೆಸಂದಿನ ಉಣ್ಣೆಗಳಲ್ಲಿ ಆಶ್ರಯ ಪಡೆದು, ಸ್ಪೇನ್ ಮತ್ತು ಪೋರ್ಚುಗಲ್‌ಗಳನ್ನು ಮೂರು ದಶಕಗಳಿಗೂ ಮೀರಿ ಕಾಡಿತು. 2007ರಲ್ಲಿ ಜಾರ್ಜಿಯ ದೇಶದ ಪೋಟಿ ಬಂದರಿನ ಬಳಿ, ಹಡಗಿನ ಕಸದಿಂದಲೇ ಇರಬೇಕು, ಮತ್ತೊಮ್ಮೆ ತಲೆಯೆತ್ತಿ ರಷ್ಯವನ್ನು ಹಾದು 2018ರ ಆಗಸ್ಟ್‌ನಲ್ಲಿ ಚೀನವನ್ನೂ, 2020ರಲ್ಲಿ ನಮ್ಮ ಅಸ್ಸಾಂ ಹಾಗೂ ಅರುಣಾಚಲಗಳನ್ನೂ, 2022ರ ಜುಲೈನಲ್ಲಿ ಕೊಡಗಿನ ಮಗ್ಗುಲಲ್ಲೇ ಇರುವ ವಯನಾಡನ್ನೂ ಮುಟ್ಟಿತು. ಹಂದಿಮಾಂಸದ ಅಡುಗೆಗೆ ಹೆಸರಾದ ಕೊಡಗಿನವರು ಇದನ್ನು ಪರದೇಶದ ವಾರ್ತೆಯೆಂದು ಓದಿ ಬದಿಗಿಡುವಂತಿಲ್ಲ.

ಇದಕ್ಕೆ ಔಷಧವಿಲ್ಲ. 1960ರ ದಶಕದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲಿ ಪ್ರಯೋಗಿಸಿದ ಲಸಿಕೆಯು ಅನೇಕ ಹಂದಿಗಳನ್ನು ದೀರ್ಘರೋಗಿಗಳನ್ನಾಗಿಸಿತು. 2023ರಲ್ಲಿ ವಿಯಟ್ನಾಂ ಲಸಿಕೆಗಳಿಗೆ ಸಮ್ಮತಿಯಿತ್ತಿದೆಯಾದರೂ ಬಹುಪಾಲು ದೇಶಗಳು ಇನ್ನೂ ಎಚ್ಚರಿಕೆಯಿಂದಲೇ ನೋಡುತ್ತಿವೆ. ಆದಕಾರಣ ರೋಗ ಕಂಡಲ್ಲಿ ಒಂದು ಕಿಲೋಮೀಟರ್ ತ್ರಿಜ್ಯದೊಳಗಿನ ಹಂದಿಗಳನ್ನೆಲ್ಲ ಕೊಂದು ಹೂಳುವುದೇ ನಮ್ಮಲ್ಲಿಯ ಕ್ರಮ. ಕ್ರಮವೇನೋ ಸರಿಯೇ. ಆದರೆ ನಾಲ್ಕಾರು ಹಂದಿಗಳೇ ಸರ್ವಸ್ವವಾದ ಬಡವನು ಮೊದಲ ಹಂದಿ ಸತ್ತೊಡನೆ ಅಧಿಕಾರಿಗಳಿಗೆ ತಿಳಿಸಿದರೆ ಉಳಿದವನ್ನೂ ಕಳೆದುಕೊಳ್ಳುತ್ತಾನೆ. ತಿಳಿಸದೆ ರಾತ್ರೋರಾತ್ರಿ ಮಾರಿದರೆ ನಾಲ್ಕು ಕಾಸನ್ನಾದರೂ ಕಾಣುತ್ತಾನೆ. ಹೀಗೆ ಅವಸರದಲ್ಲಿ ಮಾರಿದ ಹಂದಿಗಳ ಜೊತೆಗೇ ರೋಗವು ಮುಂದಿನ ಸಂತೆಗೆ ಹೋಗುತ್ತದೆ. ಅವನನ್ನು ಲೋಭಿಯೆಂದು ಜರೆಯುವ ಅಧಿಕಾರ ನಮಗಿಲ್ಲವೆಂದೇ ನನ್ನ ಭಾವನೆ. ಎಂಜಲನ್ನು ಚೆನ್ನಾಗಿ ಕುದಿಸದೆ ಹಂದಿಗೆ ಹಾಕಬಾರದೆಂದೂ, ಹೊಸದಾಗಿ ತಂದ ಹಂದಿಯನ್ನು ಕೆಲವು ವಾರ ಬೇರೆಯಾಗಿಯೇ ಕಟ್ಟಬೇಕೆಂದೂ ಅವನಿಗೆ ಬೋಧಿಸುವ ಸರಕಾರವು, ಕೊಂದ ಹಂದಿಯ ನ್ಯಾಯವಾದ ಬೆಲೆಯನ್ನು ತಿಂಗಳುಗಟ್ಟಲೆ ಅಲೆಸದೆ ಅವನ ಕೈಗಿಡುವ ಏರ್ಪಾಟನ್ನು ಮೊದಲು ಮಾಡಲಿ.